ಅಪರೂಪದ ಹೆಸರು ಇಡುವ ಮುಂಚೆ: ಎಷ್ಟು ಮಕ್ಕಳಿಗಿದೆ, ಜನ ಹೇಗೆ ಓದುತ್ತಾರೆ?

ಮಗುವಿಗೆ ಅಪರೂಪದ ಹೆಸರೊಂದು ಇಷ್ಟವಾಗಿದೆ. ಈಗ ಎರಡು ವಿಷಯ ನೋಡಬೇಕು: ಆ ಹೆಸರು ನಿಜವಾಗಿ ಎಷ್ಟು ಮಕ್ಕಳಿಗಿದೆ, ಬರೆದದ್ದನ್ನು ಜನ ಸರಿಯಾಗಿ ಓದುತ್ತಾರಾ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಐರ್ಲೆಂಡಿನ ಒಂದು ಹೆಣ್ಣು ಹೆಸರು ನೋಡಿ: ಎನ್, ಐ, ಎ, ಎಂ, ಎಚ್. ಅಲ್ಲಿ ಇದು ಎಲ್ಲರಿಗೂ ಗೊತ್ತಿರುವ ಹೆಸರು, ಹೊರಗಿನವರಿಗೆ ಮಾತ್ರ ಓದುವುದಕ್ಕೇ ಬರುವುದಿಲ್ಲ. ಉಚ್ಚಾರಣೆ 'ನೀವ್'. (ಕನ್ನಡದ ಮನೆಯಲ್ಲಾದರೆ ಮಗುವನ್ನು ಕರೆದಾಗೆಲ್ಲ ಬಹುವಚನ ಕೊಟ್ಟ ಹಾಗಾಗುತ್ತದೆ, ಅದು ಬೇರೆ ಮಾತು.)

ಮೊದಲು ಲೆಕ್ಕ. 'ಅಪರೂಪದ ಹೆಸರುಗಳು' ಅನ್ನೋ ಪಟ್ಟಿಗಳನ್ನು ನಂಬಬೇಡಿ, ಅವನ್ನು ನಿಮ್ಮ ಹಾಗೇ ಸಾವಿರಾರು ಜನ ಓದಿರುತ್ತಾರೆ. ಸರ್ಕಾರಿ ಅಂಕಿಅಂಶ ನೋಡಿ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಇಲಾಖೆಯ ವೆಬ್‌ಸೈಟ್‌ನಲ್ಲಿ 1880ರಿಂದ ಇಲ್ಲಿಯವರೆಗಿನ ಹೆಸರುಗಳಿವೆ. ಅಲ್ಲಿ ಹುಡುಕಿದರೆ ಮೊದಲ 1000 ಹೆಸರು ಮಾತ್ರ ಸಿಗುತ್ತವೆ. ನಿಮ್ಮ ಹೆಸರು ಕಾಣಲಿಲ್ಲ ಅಂದರೆ ಪೂರ್ತಿ ಫೈಲ್ ಡೌನ್‌ಲೋಡ್ ಮಾಡಿ ನೋಡಿ. ಒಂದು ವರ್ಷದಲ್ಲಿ 5ಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರು ಅದರಲ್ಲೂ ಇರುವುದಿಲ್ಲ. ಅಕ್ಷರದ ಮೇಲಿನ ಗೀರು, ಚುಕ್ಕಿ, ನಡುವಿನ ಅಡ್ಡಗೆರೆ ಇವನ್ನೆಲ್ಲ ಬಿಟ್ಟು ಹುಡುಕಿ. ಇಂಗ್ಲೆಂಡ್-ವೇಲ್ಸ್‌ಗೂ ಐರ್ಲೆಂಡಿಗೂ ಇಂಥದ್ದೇ ಪಟ್ಟಿಗಳಿವೆ, ಅಲ್ಲಿ 3 ಮಕ್ಕಳಿದ್ದರೂ ಸಾಕು. ಮಗು ಬೆಳೆಯುವ ದೇಶದ ಪಟ್ಟಿ ಸಿಕ್ಕರೆ ಅದನ್ನೇ ನೋಡಿ.

ಜಾಸ್ತಿ ಜನ ಎಡವುವುದು ಸ್ಪೆಲ್ಲಿಂಗ್‌ನಲ್ಲಿ. ಈ ಪಟ್ಟಿಗಳು ಒಂದೊಂದು ಸ್ಪೆಲ್ಲಿಂಗನ್ನೂ ಒಂದೊಂದು ಹೆಸರು ಅಂತ ಎಣಿಸುತ್ತವೆ. 2023ರಲ್ಲಿ ಇಂಗ್ಲೆಂಡ್-ವೇಲ್ಸ್‌ನ ಗಂಡುಮಕ್ಕಳ ಪಟ್ಟಿಯಲ್ಲಿ ಮುಹಮ್ಮದ್ ಮೊದಲ ಸ್ಥಾನದಲ್ಲಿತ್ತು, ಅದೇ ಹೆಸರಿನ ಇನ್ನೆರಡು ಸ್ಪೆಲ್ಲಿಂಗ್‌ಗಳೂ ಮೊದಲ ನೂರರಲ್ಲೇ ಇದ್ದವು. ಹಾಗಾಗಿ ನಿಮ್ಮ ಹೆಸರನ್ನು ಎಷ್ಟು ರೀತಿ ಬರೆಯಬಹುದೋ ಅಷ್ಟನ್ನೂ ಹುಡುಕಿ ಕೂಡಿಸಿ. ಹೊಸದಾಗಿ ಕಾಣಲಿ ಅಂತ ಒಂದು 'ವೈ' ತುರುಕಿದರೆ ಹೆಸರೇನೂ ಅಪರೂಪ ಆಗಲ್ಲ, ತರಗತಿಯಲ್ಲಿ ಕೂಗಿದಾಗ ಮೂರು ಮಕ್ಕಳು ತಿರುಗಿ ನೋಡುತ್ತಾರೆ, ನಿಮ್ಮ ಮಗು ಮಾತ್ರ ಜೀವನಪೂರ್ತಿ ಸ್ಪೆಲ್ಲಿಂಗ್ ಹೇಳುತ್ತಾ ಇರಬೇಕು.

ಬರೀ ರ‍್ಯಾಂಕ್ ನೋಡಿ ಹೆದರಬೇಡಿ. 1947ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಐವರಿಗಿಂತ ಜಾಸ್ತಿ ಲಿಂಡಾಗಳು. 2024ರಲ್ಲಿ ಅಲ್ಲಿ ಮೊದಲ ಸ್ಥಾನದಲ್ಲಿದ್ದ ಒಲಿವಿಯಾ ನೂರಕ್ಕೆ ಒಬ್ಬಳೂ ಇರಲಿಲ್ಲ. ರ‍್ಯಾಂಕ್‌ಗಿಂತ ಹೆಸರು ಏರುತ್ತಿದೆಯಾ ಅನ್ನುವುದು ಮುಖ್ಯ. ಹಿಂದಿನ ಐದಾರು ವರ್ಷದ ಸಂಖ್ಯೆ ಸಾಲಾಗಿ ಬರೆದು ನೋಡಿ. ಹೆಣ್ಣುಮಕ್ಕಳಿಗೆ ಮ್ಯಾಡಿಸನ್ ಅಂತ ಯಾರೂ ಅಷ್ಟಾಗಿ ಇಡುತ್ತಿರಲಿಲ್ಲ. 1984ರಲ್ಲಿ ನಾಯಕಿಗೆ ಆ ಹೆಸರಿದ್ದ ಒಂದು ಸಿನಿಮಾ ಬಂತು, 2001ರ ಹೊತ್ತಿಗೆ ಅದು ಅಮೆರಿಕದಲ್ಲಿ ಎರಡನೇ ಸ್ಥಾನಕ್ಕೆ ಏರಿತ್ತು.

ಇನ್ನು ಉಚ್ಚಾರಣೆ. ಓದಿ ಊಹಿಸಬೇಡಿ, ಆ ಭಾಷೆಯವರ ಬಾಯಲ್ಲೇ ಕೇಳಿ. ಫೋರ್ವೋ ಅನ್ನೋ ಜಾಲತಾಣದಲ್ಲಿ ಆಯಾ ಭಾಷೆ ಆಡುವವರು ರೆಕಾರ್ಡ್ ಮಾಡಿದ ಉಚ್ಚಾರಣೆಗಳಿವೆ. ಮೆಷಿನ್ ಧ್ವನಿಗಿಂತ ಅದು ಎಷ್ಟೋ ವಾಸಿ. ಅದೇ ಹೆಸರಿನ ಪ್ರಸಿದ್ಧರಿದ್ದರೆ ಸಂದರ್ಶನದಲ್ಲಿ ತಮ್ಮ ಹೆಸರನ್ನು ಅವರೇ ಹೇಗೆ ಹೇಳಿಕೊಳ್ಳುತ್ತಾರೆ ಕೇಳಿ. ಉತ್ತರ ಒಂದೇ ಇರಬೇಕು ಅಂತೇನಿಲ್ಲ. ನಟಿ ಸರ್ಶಾ ರೋನನ್ ತಮ್ಮ ಹೆಸರನ್ನು 'ಸರ್ಶಾ' ಅನ್ನುತ್ತಾರೆ, ಐರ್ಲೆಂಡಿನಲ್ಲೇ 'ಸೀರ್ಶಾ' ಅನ್ನುವವರೂ ಇದ್ದಾರೆ. ಹೀಗಿದ್ದರೆ ಅಪ್ಪ ಅಮ್ಮ ಮೊದಲೇ ಒಂದನ್ನು ಆರಿಸಿಕೊಳ್ಳಿ.

ಕೊನೆಗೆ ಒಂದು ಪರೀಕ್ಷೆ. ಹೆಸರನ್ನು ಚೀಟಿಯಲ್ಲಿ ಬರೆದು, ಏನೂ ಹೇಳದೆ, ಪರಿಚಯ ಇಲ್ಲದ ನಾಲ್ಕಾರು ಜನರ ಹತ್ತಿರ ಓದಿಸಿ. ಆಮೇಲೆ ಬೇರೆಯವರಿಗೆ ಫೋನಿನಲ್ಲಿ ಹೆಸರು ಹೇಳಿ, ಬರೆದುಕೊಳ್ಳಲು ಹೇಳಿ. ಓದುವಾಗ ತಪ್ಪಿದರೂ ಒಂದು ಸಲ ತಿದ್ದಿದ ಮೇಲೆ ಸರಿಯಾಗಿ ಕರೆದರೆ ತೊಂದರೆ ಇಲ್ಲ, ಧೈರ್ಯವಾಗಿ ಇಡಿ. 'ಐಲಾ' ಅಂಥದ್ದು: ಬರೆಯುವಾಗ ನಡುವೆ 'ಎಸ್' ಇದೆ, ಹೇಳುವಾಗ ಇಲ್ಲ, ಒಮ್ಮೆ ಕೇಳಿದವರು ಮರೆಯುವುದಿಲ್ಲ. ಎರಡು ಸಲ ತಿದ್ದಿದ ಮೇಲೂ ತಡವರಿಸುತ್ತಿದ್ದರೆ, ಅಷ್ಟು ಇಷ್ಟವಾದ ಹೆಸರನ್ನು ಎರಡನೇ ಹೆಸರಾಗಿ ಇಡಬಹುದು, ಅಲ್ವಾ?