ಎಡಗೈ ಪಿಚರ್ ಬಂದ ದಿನ ಬ್ಯಾಟಿಂಗ್ ಪಟ್ಟಿ ಬರೆಯುವುದು ಹೇಗೆ?

ಬೇಸ್‌ಬಾಲ್ ತಂಡ ನಡೆಸುವ ಕಂಪ್ಯೂಟರ್ ಆಟಗಳಲ್ಲಿ, ಗೆಳೆಯರು ಸೇರಿ ಕಟ್ಟುವ ಫ್ಯಾಂಟಸಿ ಲೀಗ್‌ಗಳಲ್ಲಿ ಕೈಯಾಡಿಸುವವರು ಎಡಗೈ ಪಿಚರ್‌ನ (ಚೆಂಡೆಸೆಯುವವನ) ಹೆಸರು ಕಂಡೊಡನೆ ಒಂದೇ ಬಗೆಯಲ್ಲಿ ಎಡವುವುದನ್ನು ನಾನು ಹಲವು ಸೀಸನ್‌ಗಳಿಂದ ನೋಡುತ್ತಿದ್ದೇನೆ. ತಂಡದ ಎಡಗೈ ಬ್ಯಾಟರ್‌ಗಳನ್ನೆಲ್ಲ ಬೆಂಚಿಗೆ ಕಳಿಸಿ, ಆ ಪಿಚರ್‌ನ ಎದುರು ಹಿಂದೆಂದೋ ಹತ್ತು ಸಲ ಆಡಿ ನಾಲ್ಕು ಹಿಟ್ ಗಳಿಸಿದ ಯಾರನ್ನೋ ಮೂರನೆಯ ಕ್ರಮಾಂಕಕ್ಕೆ ಏರಿಸುತ್ತಾರೆ. ಆರನೆಯ ಇನ್ನಿಂಗ್ಸ್‌ನಲ್ಲಿ ಬಲಗೈ ಪಿಚರ್ ಬಂದಾಗ ತಲೆ ಕೆರೆದುಕೊಳ್ಳುತ್ತಾರೆ. ಅಮೆರಿಕದ ಮೇಜರ್ ಲೀಗ್‌ನ ಮ್ಯಾನೇಜರ್ ಒಂದು ಸೀಸನ್ನಿಗೆ 162 ಸಲ ಮಾಡುವ, ಬ್ಯಾಟಿಂಗ್ ಪಟ್ಟಿ ಬರೆಯುವ ಈ ಕೆಲಸವನ್ನು ಹಂತ ಹಂತವಾಗಿ ವಿವರಿಸುವುದು ಈ ಲೇಖನದ ಉದ್ದೇಶ.

ಹಂತ 1: ಎದುರಾಳಿ ತಂಡದ ಪಿಚರ್ ಯಾವ ಕೈಯವನು ಎಂಬುದನ್ನು ತಿಳಿದುಕೊಳ್ಳಿ. ಹೆಸರನ್ನು ಮೊದಲೇ ಪ್ರಕಟಿಸುವುದರಿಂದ ಇದಕ್ಕೆ ಒಂದು ನಿಮಿಷ ಸಾಕು.

ಆದರೂ ಇಲ್ಲಿಯೇ ಮೋಸ ಹೋದವರಿದ್ದಾರೆ. 1924ರ ವರ್ಲ್ಡ್ ಸೀರೀಸ್‌ನ, ಅಂದರೆ ಮೇಜರ್ ಲೀಗ್‌ನ ಅಂತಿಮ ಸರಣಿಯ, ಏಳನೆಯ ಪಂದ್ಯದಲ್ಲಿ ವಾಷಿಂಗ್ಟನ್ ತಂಡದ ಮ್ಯಾನೇಜರ್ ಬಕಿ ಹ್ಯಾರಿಸ್ ಬಲಗೈ ಪಿಚರ್ ಕರ್ಲಿ ಆಗ್ಡನ್‌ನನ್ನು ಕಣಕ್ಕಿಳಿಸಿ, ನ್ಯೂಯಾರ್ಕ್ ಜಯಂಟ್ಸ್‌ನ ಜಾನ್ ಮೆಕ್‌ಗ್ರಾ ಎಡಗೈ ಬ್ಯಾಟರ್ ಬಿಲ್ ಟೆರಿಯನ್ನು ಪಟ್ಟಿಯಲ್ಲಿ ಬರೆಯುವಂತೆ ಮಾಡಿದರು. ಇಬ್ಬರೇ ಬ್ಯಾಟರ್‌ಗಳ ನಂತರ ಆಗ್ಡನ್ ಹೊರನಡೆದು ಎಡಗೈನ ಜಾರ್ಜ್ ಮಾಗ್ರಿಜ್ ಬಂದರು. ಮೆಕ್‌ಗ್ರಾ ಕೊನೆಗೆ ಟೆರಿಯ ಬದಲಿಗೆ ಬಲಗೈ ಬ್ಯಾಟರ್‌ನನ್ನು ಇಳಿಸಿದ್ದೇ ತಡ, ಹ್ಯಾರಿಸ್ ಮತ್ತೆ ಬಲಗೈ ಪಿಚರ್‌ನನ್ನು ಕರೆದರು. ಬೇಸ್‌ಬಾಲ್‌ನಲ್ಲಿ ಹೊರಗೆ ಬಂದ ಆಟಗಾರ ಆ ಪಂದ್ಯಕ್ಕೆ ಮರಳುವಂತಿಲ್ಲವಾದ್ದರಿಂದ ಟೆರಿಯ ಆಟ ಅಲ್ಲಿಗೆ ಮುಗಿಯಿತು. ವಾಷಿಂಗ್ಟನ್ 12 ಇನ್ನಿಂಗ್ಸ್‌ಗಳಲ್ಲಿ ಗೆದ್ದಿತು.

ಹಂತ 2: ಕೈಯ ಲೆಕ್ಕ ಏಕೆ ಮುಖ್ಯ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಕಷ್ಟವಲ್ಲ. ಎಡಗೈ ಸ್ಪಿನ್ನರ್‌ನ ಚೆಂಡು ಬಲಗೈ ಬ್ಯಾಟರ್‌ನಿಂದ ಆಚೆಗೆ ತಿರುಗುವುದು ಹೇಗೆ ಅಪಾಯವೋ, ಹಾಗೆಯೇ ಪಿಚರ್ ಮತ್ತು ಬ್ಯಾಟರ್ ಇಬ್ಬರೂ ಒಂದೇ ಕೈಯವರಾದಾಗ ಸ್ಲೈಡರ್ ಎಂಬ ಪಕ್ಕಕ್ಕೆ ಬಾಗುವ ಎಸೆತ ಬ್ಯಾಟಿನಿಂದ ದೂರ ಸರಿಯುತ್ತದೆ. ಜೊತೆಗೆ ಚೆಂಡು ಬ್ಯಾಟರ್‌ನ ಬೆನ್ನ ಹಿಂದಿನಿಂದ ಬಂದಂತೆ ತೋರುವುದರಿಂದ ಅದನ್ನು ಗುರುತಿಸಲು ಸಿಗುವ ಕ್ಷಣವೂ ಕಡಿಮೆಯಾಗುತ್ತದೆ. ಕೈಗಳು ಬೇರೆ ಬೇರೆಯಾದರೆ ಲಾಭ ಬ್ಯಾಟರ್‌ನದು. ಎಡಗೈ ಪಿಚರ್‌ಗಳು ಸಂಖ್ಯೆಯಲ್ಲಿ ಕಡಿಮೆ. ಆದಕಾರಣ ಎಡಗೈ ಬ್ಯಾಟರ್‌ಗೆ ತನ್ನದೇ ಕೈಯ ಪಿಚರ್‌ನನ್ನು ಎದುರಿಸುವ ಅಭ್ಯಾಸ ಬಾಲ್ಯದಿಂದಲೇ ಕಡಿಮೆ, ಅವನು ತೆರುವ ಬೆಲೆ ಹೆಚ್ಚು.

ಹಂತ 3: ಅಂಕಿಗಳನ್ನು ಓದಿ, ಆದರೆ ಓದಿದಷ್ಟನ್ನೂ ನಂಬಬೇಡಿ. ಬಹುತೇಕ ಎಲ್ಲರೂ ಮುಗ್ಗರಿಸುವುದು ಈ ಹಂತದಲ್ಲಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಪ್ರತಿ ಬ್ಯಾಟರ್‌ನ ಹೆಸರಿನ ಮುಂದೆ ಎರಡು ಸಾಲು ಅಂಕಿಗಳಿರುತ್ತವೆ: ಬಲಗೈ ಪಿಚರ್‌ಗಳ ಎದುರಿನದು ಒಂದು, ಎಡಗೈ ಪಿಚರ್‌ಗಳ ಎದುರಿನದು ಇನ್ನೊಂದು. ಎರಡನೆಯ ಸಾಲು ಸಾಮಾನ್ಯವಾಗಿ ಚಿಕ್ಕದು, ಚಿಕ್ಕದಾದ್ದರಿಂದಲೇ ಮೋಸಗಾರ. ಪೂರ್ಣ ಸೀಸನ್ ಆಡಿದ ಬ್ಯಾಟರ್‌ಗೂ ಎಡಗೈ ಪಿಚರ್‌ಗಳ ಎದುರು ಸಿಗುವ ಸರದಿಗಳು (ಬ್ಯಾಟ್ ಹಿಡಿದು ನಿಲ್ಲುವ ಅವಕಾಶಗಳು) ನೂರೈವತ್ತು, ಇನ್ನೂರರ ಆಸುಪಾಸು ಮಾತ್ರ. ಅಷ್ಟರಲ್ಲಿ ನಾಲ್ಕು ಚೆಂಡುಗಳು ಫೀಲ್ಡರ್‌ನ ಕೈಗೆ ಹೋಗುವ ಬದಲು ಪಕ್ಕಕ್ಕೆ ಬಿದ್ದರೂ ಅವನು ಎಡಗೈ ಪಿಚರ್‌ಗಳ ಯಮನೆಂಬ ಹೆಸರು ಪಡೆದುಬಿಡುತ್ತಾನೆ.

ಇದಕ್ಕೆ ಅಂಕಿಅಂಶ ತಜ್ಞರು ಕಂಡುಕೊಂಡ ಮದ್ದು ಸರಳವಾಗಿದೆ. ಬಲಗೈ ಬ್ಯಾಟರ್‌ನ ಸ್ವಂತ ಸರದಿಗಳ ಜೊತೆಗೆ, ಲೀಗಿನ ಸಾಮಾನ್ಯ ಬಲಗೈ ಬ್ಯಾಟರ್ ಆಡಿದನೆಂದು ಭಾವಿಸಿದ ಸುಮಾರು 2,200 ಸರದಿಗಳನ್ನು ಸೇರಿಸಿ ಸರಾಸರಿ ತೆಗೆಯಬೇಕು. ಎಡಗೈ ಬ್ಯಾಟರ್‌ಗಾದರೆ ಸುಮಾರು 1,000 ಸಾಕು, ಏಕೆಂದರೆ ಎಡಗೈಯವರಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ನಿಜವಾದ ವ್ಯತ್ಯಾಸ ಹೆಚ್ಚು. ಒಂದು ಕಲ್ಪಿತ ಉದಾಹರಣೆ ನೋಡಿ. ನಿಮ್ಮ ಬಲಗೈ ಬ್ಯಾಟರ್ 200 ಸರದಿಗಳಲ್ಲಿ ಎಡಗೈ ಪಿಚರ್‌ಗಳ ಎದುರು 120 ಅಂಕಗಳಷ್ಟು ಹೆಚ್ಚು ಚೆನ್ನಾಗಿ ಆಡಿದ್ದಾನೆ, ಲೀಗಿನಲ್ಲಿ ಸಾಮಾನ್ಯ ಅಂತರ 20 ಅಂಕ ಎಂದಿಟ್ಟುಕೊಳ್ಳೋಣ. ಒಂದು ಅಂಕವೆಂದರೆ ಬ್ಯಾಟರ್‌ನ ಸರಾಸರಿಯಲ್ಲಿ 0.001. 200ನ್ನು 120ರಿಂದ, 2,200ನ್ನು 20ರಿಂದ ಗುಣಿಸಿ, ಎರಡನ್ನೂ ಕೂಡಿಸಿ, 2,400ರಿಂದ ಭಾಗಿಸಿದರೆ ಉಳಿಯುವುದು ಸುಮಾರು 28. ಕಾಗದದ ಮೇಲೆ ಗುಡ್ಡದಂತೆ ಕಂಡ 120 ಅಂಕಗಳಲ್ಲಿ ನಾಳೆಯ ಪಂದ್ಯಕ್ಕೆ ನೆಚ್ಚಬಹುದಾದದ್ದು ಇಷ್ಟೇ. ಆದ್ದರಿಂದ ಒಟ್ಟಾರೆ ಆಟದಲ್ಲಿ ಇವನಿಗಿಂತ 50 ಅಂಕ ಮುಂದಿರುವ ಎಡಗೈ ಬ್ಯಾಟರ್ ನಿಮ್ಮಲ್ಲಿದ್ದರೆ, ಲೀಗಿನ ಸಾಮಾನ್ಯ ಕಡಿತವನ್ನು ಅವನಿಂದ ಕಳೆದ ಮೇಲಷ್ಟೇ ಇಬ್ಬರನ್ನೂ ಹೋಲಿಸಿ. ಹಲವು ಸಲ ಎಡಗೈಯವನೇ ಗೆಲ್ಲುತ್ತಾನೆ, ಅಥವಾ ಸಮಕ್ಕೆ ನಿಲ್ಲುತ್ತಾನೆ.

ಇಂಥ ಬ್ಯಾಟರ್ ಇಂಥ ಪಿಚರ್‌ನ ಎದುರು ಹೇಗೆ ಆಡಿದ್ದಾನೆ ಎಂಬ ಪಟ್ಟಿ ಇನ್ನೂ ಕೆಟ್ಟದ್ದು. ಬಾಲ್ಟಿಮೋರ್ ತಂಡದ ಮ್ಯಾನೇಜರ್ ಅರ್ಲ್ ವೀವರ್ ಅಂಥ ವಿವರಗಳನ್ನು ಕಾರ್ಡುಗಳ ಮೇಲೆ ಬರೆಸಿಟ್ಟುಕೊಳ್ಳುತ್ತಿದ್ದರೆಂಬುದು ನಿಜ. ಆದರೆ ಹನ್ನೆರಡು, ಹದಿನೈದು ಸರದಿಗಳ ಮೇಲೆ ತೀರ್ಮಾನ ನಿಲ್ಲಿಸುವುದಕ್ಕಿಂತ ನಾಣ್ಯ ಚಿಮ್ಮುವುದು ಅಗ್ಗ. ಈ ಅಂಕಿಗಳನ್ನೇ ದಪ್ಪ ಹಸಿರು ಅಕ್ಷರದಲ್ಲಿ ತೋರಿಸುವ ಫೋನ್ ಆ್ಯಪ್‌ಗಳು ಬೇಕಾದಷ್ಟಿವೆ. ನಾನೂ ಅಂಥದ್ದೊಂದಕ್ಕೆ ಒಂದು ವರ್ಷ ಚಂದಾ ಕಟ್ಟಿ ಕಲಿತದ್ದು, ಆ ಹಸಿರು ಬಣ್ಣವನ್ನು ನಿರ್ಲಕ್ಷಿಸುವುದನ್ನು ಮಾತ್ರ. ಆಟಗಳಲ್ಲಿರುವ ಸ್ವಯಂಚಾಲಿತ ಪಟ್ಟಿಯ ಗುಂಡಿಯನ್ನೂ ಮುಟ್ಟಬೇಡಿ. ನಾನು ಆಡಿದವುಗಳಲ್ಲಿ ಅದು ಕೈಯನ್ನಷ್ಟೇ ನೋಡುತ್ತಿತ್ತು, ಬ್ಯಾಟರ್‌ನನ್ನಲ್ಲ.

ಹಂತ 4: ಪಿಚರ್‌ನ ಕೈಯ ಜೊತೆಗೆ ಅವನ ಚೆಂಡುಗಳನ್ನೂ ನೋಡಿ. ಸ್ಲೈಡರ್ ಮತ್ತು ಕೆಳಕ್ಕೆ ಇಳಿಯುವ ಸಿಂಕರ್‌ಗಳನ್ನೇ ನೆಚ್ಚಿಕೊಂಡು, ತೋಳನ್ನು ಪಕ್ಕಕ್ಕೆ ಚಾಚಿ ಎಸೆಯುವ ಎಡಗೈ ಪಿಚರ್ ನಿಮ್ಮ ಎಡಗೈ ಬ್ಯಾಟರ್‌ಗಳಿಗೆ ನಿಜಕ್ಕೂ ಕಂಟಕ. ಚೇಂಜಪ್ (ವೇಗ ತಗ್ಗಿಸಿದ ಎಸೆತ) ಚೆನ್ನಾಗಿ ಎಸೆಯುವವನ ಎದುರು ಈ ಅಂತರ ಕುಗ್ಗುತ್ತದೆ, ಒಮ್ಮೊಮ್ಮೆ ತಿರುಗುಮುರುಗೂ ಆಗುತ್ತದೆ, ಏಕೆಂದರೆ ಚೇಂಜಪ್ ಬೇರೆ ಕೈಯ ಬ್ಯಾಟರ್‌ನಿಂದ ಆಚೆಗೆ ಜಾರುವ ಚೆಂಡು. ಅಂಥವನು ಬಂದ ದಿನ ನಾನಾದರೆ ನಿತ್ಯದ ಪಟ್ಟಿಯನ್ನು ಅಲುಗಾಡಿಸುವುದಿಲ್ಲ.

ಹಂತ 5: ಫೀಲ್ಡಿಂಗ್ ಸ್ಥಾನಗಳನ್ನು ತುಂಬಿ. ಎಡಗೈಯಿಂದ ಎಸೆಯುವವರನ್ನು ಕ್ಯಾಚರ್ (ಬ್ಯಾಟರ್‌ನ ಹಿಂದೆ ನಿಂತು ಪಿಚರ್‌ನ ಚೆಂಡು ಹಿಡಿಯುವವನು), ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವಿನ ಫೀಲ್ಡರ್), ಎರಡನೆಯ ಮತ್ತು ಮೂರನೆಯ ಬೇಸ್‌ಗಳಲ್ಲಿ ನಿಲ್ಲಿಸುವ ರೂಢಿ ಇಲ್ಲದಿರುವುದರಿಂದ, ಜೋಡಿ ಆಟಗಾರರನ್ನು ಅದಲುಬದಲು ಮಾಡುವ ಅವಕಾಶ ಹೆಚ್ಚಾಗಿ ಸಿಗುವುದು ಔಟ್‌ಫೀಲ್ಡ್ ಮತ್ತು ಮೊದಲನೆಯ ಬೇಸ್‌ನಲ್ಲಿಯೇ. 1949ರಿಂದ 1953ರವರೆಗೆ ಯಾಂಕೀಸ್‌ಗೆ ಸತತ ಐದು ವರ್ಲ್ಡ್ ಸೀರೀಸ್ ಗೆದ್ದುಕೊಟ್ಟ ಮ್ಯಾನೇಜರ್ ಕೇಸಿ ಸ್ಟೆಂಗಲ್ ಬಲಗೈನ ಹ್ಯಾಂಕ್ ಬಾವರ್ ಮತ್ತು ಎಡಗೈನ ಜೀನ್ ವುಡ್ಲಿಂಗ್ ಅವರನ್ನು ಬಳಸಿದ್ದು ಔಟ್‌ಫೀಲ್ಡ್‌ನಲ್ಲಿ. ಮೂರು ದಶಕಗಳ ನಂತರ ವೀವರ್ ಲೆಫ್ಟ್ ಫೀಲ್ಡ್‌ನಲ್ಲಿ ಜಾನ್ ಲೋವೆನ್‌ಸ್ಟೈನ್ ಮತ್ತು ಗ್ಯಾರಿ ರೆನಿಕ್ ಜೋಡಿಯನ್ನು ಹೂಡಿದರು. 1982ರಲ್ಲಿ ಇಬ್ಬರೂ ಸೇರಿ 45 ಹೋಂ ರನ್ ಹೊಡೆದರು. ಶಾರ್ಟ್‌ಸ್ಟಾಪ್ ಮತ್ತು ಕ್ಯಾಚರ್‌ಗಳನ್ನು ಮಾತ್ರ ಕೈಯ ಲೆಕ್ಕಕ್ಕಾಗಿ ಬದಲಿಸಬೇಡಿ, ಹತ್ತು ಅಂಕದ ಬ್ಯಾಟಿಂಗ್ ಲಾಭ ಒಂದು ಕೈಚೆಲ್ಲಿದ ಚೆಂಡಿನಲ್ಲಿ ಹೋಗುತ್ತದೆ.

ಹಂತ 6: ಕ್ರಮಾಂಕ ಬರೆಯಿರಿ. ಎಡಗೈ ಬ್ಯಾಟರ್‌ಗಳನ್ನು ಸಾಲಾಗಿ ನಿಲ್ಲಿಸದೆ ನಡುನಡುವೆ ಬಲಗೈಯವರನ್ನೋ ಎರಡೂ ಕೈಗಳಲ್ಲಿ ಆಡುವ ಸ್ವಿಚ್ ಹಿಟರ್‌ಗಳನ್ನೋ ಸೇರಿಸಿ. ಒಬ್ಬನೇ ಬ್ಯಾಟರ್‌ಗೆಂದು ಎಡಗೈ ಪಿಚರ್‌ನನ್ನು ಕರೆಸಿ ಮರುಕ್ಷಣವೇ ಕಳಿಸುವ ತಂತ್ರಕ್ಕೆ 2020ರ ನಿಯಮ ಕಡಿವಾಣ ಹಾಕಿದೆ: ಬಂದ ಪಿಚರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಆ ಅರ್ಧ ಇನ್ನಿಂಗ್ಸ್ ಮುಗಿಸಬೇಕು. ಹೀಗಾಗಿ ಎಡ, ಬಲ, ಎಡ ಎಂದು ಬರೆದ ಪಟ್ಟಿ ಎದುರಾಳಿ ಮ್ಯಾನೇಜರ್‌ನನ್ನು ನಿಜವಾಗಿಯೂ ಇಕ್ಕಟ್ಟಿಗೆ ಸಿಲುಕಿಸುತ್ತದೆ.

ಹಂತ 7: ಎರಡನೆಯ ಪಿಚರ್‌ಗಾಗಿ ಬೆಂಚನ್ನು ಕಾದಿರಿಸಿ. 26 ಮಂದಿಯ ತಂಡದಲ್ಲಿ ಪಿಚರ್‌ಗಳು 13ಕ್ಕೆ ಮೀರುವಂತಿಲ್ಲ, ತಂಡಗಳು ಸಾಮಾನ್ಯವಾಗಿ ಅಷ್ಟನ್ನೂ ಇಟ್ಟುಕೊಳ್ಳುತ್ತವೆ. ಒಂಬತ್ತು ಬ್ಯಾಟರ್‌ಗಳನ್ನು ಬರೆದ ಮೇಲೆ ಉಳಿಯುವವರು ನಾಲ್ವರು, ಅವರಲ್ಲೊಬ್ಬ ಬದಲಿ ಕ್ಯಾಚರ್. ನಿಮ್ಮ ಕೈಯಲ್ಲಿರುವ ದಾಳಗಳು ಮೂರೇ.

2018ರ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ ಇದಕ್ಕೆ ಒಳ್ಳೆಯ ಪಾಠ. ಬಾಸ್ಟನ್‌ನ ಎಡಗೈ ಪಿಚರ್ ಕ್ರಿಸ್ ಸೇಲ್ ಎದುರು ಡಾಜರ್ಸ್ ತಂಡದ ಮ್ಯಾನೇಜರ್ ಡೇವ್ ರಾಬರ್ಟ್ಸ್ ಒಂಬತ್ತೂ ಬಲಗೈ ಬ್ಯಾಟರ್‌ಗಳನ್ನು ಬರೆದರು. ಆ ವರ್ಷ ತಂಡದಲ್ಲೇ ಅತಿ ಹೆಚ್ಚು, 35 ಹೋಂ ರನ್ ಹೊಡೆದಿದ್ದ ಎಡಗೈನ ಮ್ಯಾಕ್ಸ್ ಮನ್ಸಿ ಬೆಂಚಿನಲ್ಲಿ ಕುಳಿತರು, ಜೊತೆಗೆ ಕೋಡಿ ಬೆಲಿಂಜರ್ ಕೂಡ. ಸೇಲ್ ಐದನೆಯ ಇನ್ನಿಂಗ್ಸ್‌ನ ಆರಂಭದಲ್ಲೇ ಹೊರನಡೆದರು. ಏಳನೆಯ ಇನ್ನಿಂಗ್ಸ್‌ನಲ್ಲಿ ಬಾಸ್ಟನ್‌ನ ಎಡಗೈ ಬ್ಯಾಟರ್ ರಫಾಯೆಲ್ ಡೆವರ್ಸ್ ಸರದಿ ಬಂದಾಗ ರಾಬರ್ಟ್ಸ್, ಚೆನ್ನಾಗಿ ಎಸೆಯುತ್ತಿದ್ದ ಬಲಗೈನ ಪೆಡ್ರೊ ಬಾಯೆಸ್ ಅವರನ್ನು ತೆಗೆದು ಎಡಗೈನ ಅಲೆಕ್ಸ್ ವುಡ್ ಅವರನ್ನು ಕರೆಸಿದರು. ಬಾಸ್ಟನ್ ಮ್ಯಾನೇಜರ್ ಅಲೆಕ್ಸ್ ಕೋರಾ ಅದಕ್ಕಾಗಿಯೇ ಕಾದಿದ್ದವರಂತೆ ಬಲಗೈನ ಎಡ್ವಾರ್ಡೊ ನೂನ್ಯೆಸ್ ಅವರನ್ನು ಇಳಿಸಿದರು. ಮೂರು ರನ್‌ಗಳ ಹೋಂ ರನ್ ಬಂದು 5-4 ಇದ್ದದ್ದು 8-4 ಆಯಿತು.

ಕಾರ್ಡನ್ನು ಅಂಪೈರ್ ಕೈಗಿಡುವ ಮೊದಲು ನನ್ನ ಸಲಹೆ ಇಷ್ಟು: ನಿಮ್ಮ ಪ್ರತಿಯ ಹಿಂಬದಿಯಲ್ಲಿ ಬೆಂಚಿನ ನಾಲ್ವರನ್ನು ಎಡ, ಬಲ ಎಂದು ಎರಡು ಅಂಕಣಗಳಲ್ಲಿ ಬರೆದು, ಪ್ರತಿಯೊಬ್ಬರ ಎದುರು ಅವರು ಯಾರ ಬದಲಿಗೆ ಇಳಿಯಬೇಕು, ಇಳಿದ ಮೇಲೆ ಯಾವ ಸ್ಥಾನದಲ್ಲಿ ಫೀಲ್ಡಿಂಗ್ ಮಾಡಬೇಕು ಎಂಬುದನ್ನು ಪೆನ್ಸಿಲ್‌ನಲ್ಲಿ ಗುರುತಿಸಿಕೊಳ್ಳಿ. ಪೆನ್ನು ಬೇಡ, ಆರನೆಯ ಇನ್ನಿಂಗ್ಸ್ ಹೊತ್ತಿಗೆ ಅಳಿಸಬೇಕಾಗುತ್ತದೆ.