ರೋಡ್ ರೈಲಿಂಗ್ ಮೇಲೆ ಸ್ಕೀ: ಇಷ್ಟು ಕಷ್ಟಪಡೋದು ವರ್ತಾ?

ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದ್ಮೇಲೇ ನಾನು ಸ್ಕೀಯಿಂಗ್ ಕಲ್ತಿದ್ದು. ಇಲ್ಲಿ ದೊಡ್ಡ ಬೆಟ್ಟ ಇಲ್ಲ, ಆದ್ರೆ ಬ್ಲೂಮಿಂಗ್ಟನ್‌ನ ಹೈಲ್ಯಾಂಡ್ ಹಿಲ್ಸ್ ಸ್ಕೀ ಪಾರ್ಕ್‌ನಲ್ಲಿ ಮೋಟಾರ್ ಎಳೆಯೋ ಹಗ್ಗ ಹಿಡ್ಕೊಂಡು ಮೇಲೆ ಹೋಗೋದು, ರೈಲ್ (ಅಂದ್ರೆ ಕಬ್ಬಿಣದ ಕಂಬಿ) ಮೇಲೆ ಜಾರೋದು, ಮತ್ತೆ ಹಗ್ಗ ಹಿಡಿಯೋದು, ಒಂದೇ ಸಂಜೇಲಿ ಸಾಕಾಗೋವಷ್ಟು ಪ್ರಾಕ್ಟೀಸ್ ಆಗುತ್ತೆ. ಅಷ್ಟಾದ್ಮೇಲೆ ಊರಲ್ಲಿ ಎಲ್ಲಿ ಮೆಟ್ಟಿಲು ಕಂಡ್ರೂ ಅದರ ರೈಲಿಂಗ್ ಮೇಲೇ ಕಣ್ಣು ಹೋಗೋಕೆ ಶುರು ಆಗುತ್ತೆ. ಪಾರ್ಕ್‌ನಲ್ಲೇ ಸಿಗೋದಕ್ಕೆ ರೋಡಿನ ರೈಲಿಂಗ್ ಮೇಲೆ ಯಾಕೆ ಜಾರ್ತೀಯ ಅಂತ ಗೆಳೆಯರು ಕೇಳ್ತಾನೇ ಇರ್ತಾರೆ, ಅದಕ್ಕೇ ಬರೀತಿದೀನಿ.

ಇಂಥ ಜಾರಾಟ ವಿಡಿಯೋದಲ್ಲಿ ನಾಲ್ಕು ಸೆಕೆಂಡ್ ಕಾಣುತ್ತಲ್ಲ, ಅದರ ಹಿಂದೆ ಅರ್ಧ ದಿನದ ಸಲಿಕೆ ಕೆಲ್ಸ ಇರುತ್ತೆ. ಲೆಕ್ಕ ಹಾಕಿ ನೋಡಿ, ಇಳಿಯೋ ಜಾಗದಲ್ಲಿ ನಾಲ್ಕು ಮೀಟರ್ ಉದ್ದ, ಮೂರು ಮೀಟರ್ ಅಗಲ, ಅರ್ಧ ಮೀಟರ್ ದಪ್ಪ ಹಿಮ ತುಳಿದು ಗಟ್ಟಿ ಮಾಡಿದ್ರೆ ಅದೇ ಎರಡು-ಮೂರು ಟನ್ ಆಗುತ್ತೆ, ಅಷ್ಟನ್ನೂ ಪಾರ್ಕಿಂಗ್ ಲಾಟ್‌ನ ರಾಶಿಯಿಂದ ಎತ್ತಿ ಹೊತ್ತು ತರ್ಬೇಕು. ಸ್ವಲ್ಪ ಬೆಚ್ಚಗಿನ ದಿನ ಆದ್ರೆ ಉಪ್ಪು ಹಾಕಿದ್ರೆ ಹಿಮ ಗಟ್ಟಿಯಾಗುತ್ತೆ, ಮೈನಸ್ 20ರಲ್ಲಿ ಉಪ್ಪು ಕೆಲ್ಸಾನೇ ಮಾಡಲ್ಲ, ಆಗ ನೀರು ಚಿಮುಕಿಸಿ ಕಾಯೋದು.

ಆಮೇಲೆ ಸ್ಪೀಡು. ರೈಲಿಗೆ ಮುಂಚೆ ಎರಡು ಮೀಟರ್ ಎತ್ತರದ ರಾಂಪ್ (ಹಿಮದ ಇಳಿಜಾರು) ಕಟ್ಟಿದ್ರೂ ಘರ್ಷಣೆ ಪೂರ್ತಿ ಬಿಟ್ಟು ಲೆಕ್ಕ ಹಾಕಿದ್ರೆ ಗಂಟೆಗೆ 22-23 ಕಿಲೋಮೀಟರ್ ಅಷ್ಟೇ ಸಿಗೋದು, ನಿಜವಾಗ್ಲೂ ಇನ್ನೂ ಕಮ್ಮಿ. ಅದಕ್ಕೇ ರಬ್ಬರಿನ ಬಂಜಿ ಹಗ್ಗ, ಇಬ್ರು ಹಿಂದಕ್ಕೆ ಎಳೆದು ಹಿಡ್ಕೊಂಡು ಬಿಟ್ರೆ ಕವಣೆ ಕಲ್ಲಿನ ಥರ ಮುಂದೆ ಹೋಗ್ತೀವಿ. ಪ್ರತಿ ಸಲ ಅಷ್ಟೇ ದೂರ ಎಳೀಬೇಕು, ಹಿಮದ ಮೇಲೆ ಗೆರೆ ಹಾಕಿ ಇಟ್ಕೋತೀವಿ. ಸ್ಪೀಡ್ ಕಮ್ಮಿ ಆದ್ರೆ ರೈಲಿನ ಮಧ್ಯದಲ್ಲೇ ನಿಂತು ಮೆಟ್ಟಿಲ ಮೇಲೆ ಬೀಳೋದು.

ರಿಸ್ಕ್ ಅಂದ್ರೆ ಅಲ್ಲೇ ಇರೋದು, ಕೆಳಗೆ ಕಾಂಕ್ರೀಟ್. ಹನ್ನೆರಡು ಮೆಟ್ಟಿಲಂದ್ರೆ ಎರಡು ಮೀಟರ್ ಎತ್ತರ. ನನ್ನ ಪ್ರಕಾರ ನೇರವಾಗಿ ಇಳಿಯೋ ರೈಲು, ಒಂದು ಕಡೆ ಹಿಮ ಗುಡ್ಡೆ ಹಾಕೋಕೆ ಜಾಗ ಇರೋದು, ಇದು ಖಂಡಿತ ವರ್ತ್. ನಡುವೆ ಮಡಚಿದ ಕಿಂಕ್ ರೈಲು, ಕೊನೇಲಿ ಗೋಡೆ, ರಸ್ತೆ ಕಡೆಗೆ ಇಳಿಯೋ ಜಾಗ, ಇವನ್ನ ನಾನು ನೋಡಿ ಸುಮ್ನೆ ಮುಂದೆ ಹೋಗ್ತೀನಿ. ಹೆಚ್ಚಿನ ಪೆಟ್ಟು ಬೀಳೋದು ಕತ್ತಲಾದ್ಮೇಲೆ, ಕಾಲು ಸೋತಾಗ, ಇನ್ನೊಂದೇ ಒಂದು ಸಲ ಅಂತ ಹೋದಾಗ. ಯಾರಾದ್ರೂ ಒಬ್ರು ಸಾಕು ಅಂದ್ರೆ ನಮ್ಮ ಗುಂಪಲ್ಲಿ ಅಲ್ಲಿಗೆ ಮುಗೀತು, ವಾದ ಇಲ್ಲ. ಸೆಕ್ಯುರಿಟಿಯವರು ಬಂದು ಹೋಗಿ ಅಂದ್ರೂ ಅಷ್ಟೇ. ಹೋಗೋ ಮುಂಚೆ ಮೆಟ್ಟಿಲು ಪೂರ್ತಿ ಗುಡಿಸಲೇಬೇಕು, ಬೆಳಿಗ್ಗೆ ವಯಸ್ಸಾದೋರು ಅಲ್ಲೇ ನಡೀತಾರೆ.

ಇಷ್ಟೆಲ್ಲ ಇದ್ರೂ ಪ್ರತಿ ಚಳಿಗಾಲ ಯಾಕೆ ಹೋಗ್ತೀನಿ ಅಂದ್ರೆ, ಇದೇ ರಾಜ್ಯದ ಡುಲೂತ್‌ನಲ್ಲಿ ಸುಪೀರಿಯರ್ ಸರೋವರದ ಕಡೆಗೆ ಇಳಿಯೋ ಆ ಕಡಿದಾದ ಬೀದೀಲಿ ಮೂವರು ಸೇರಿ ನಾವೇ ಕಟ್ಟಿದ ಜಾಗದಲ್ಲಿ, ಸ್ಕೀ ಕಬ್ಬಿಣಕ್ಕೆ ಕರ್ ಅಂತ ಕೂತು ಕೊನೆ ತನಕ ಹೋಯ್ತು ಅಂದ್ರೆ ಆ ಖುಷಿ ಪಾರ್ಕಲ್ಲಿ ನಂಗೆ ಸಿಕ್ಕಿಲ್ಲ. ಶುರು ಮಾಡೋರು ನಾಲ್ಕೈದು ಮೆಟ್ಟಿಲಿನ ರೈಲು ಹುಡುಕಿ, ಮೊದಲು ದುಡ್ಡು ಹಾಕೋದು ಹೆಲ್ಮೆಟ್, ಬ್ಯಾಕ್ ಪ್ರೊಟೆಕ್ಟರ್, ಒಂದು ಗಟ್ಟಿ ಅಲ್ಯೂಮಿನಿಯಂ ಸಲಿಕೆಗೆ. ಸ್ಕೀ ಹಳೇದೇ ಸಾಕು, ಅಂಚು ಹೇಗೂ ಒಡೆಯುತ್ತೆ.