ಭೂಮಿಯ ನೇರ ಆಚೆ ಬದಿಯನ್ನು ಹುಡುಕುವುದು ಹೀಗೆ

ಕಾಲ ಕೆಳಗಿನಿಂದ ಭೂಮಿಯ ಕೇಂದ್ರ ಹಾಯ್ದು ನೇರವಾಗಿ ಹೋದರೆ ಎಲ್ಲಿಗೆ ತಲುಪುತ್ತೇವೆ ಎಂದು ತಿಳಿಯಲು ಬೇರೆ ಆ್ಯಪ್ ಬೇಕಿಲ್ಲ. ಮೊಬೈಲ್ ನಕ್ಷೆಯಲ್ಲಿ ನಿಮ್ಮ ಜಾಗದ ಅಕ್ಷಾಂಶ, ರೇಖಾಂಶ ನೋಡಿಕೊಳ್ಳಿ. ಅಕ್ಷಾಂಶದ ಅಂಕಿ ಹಾಗೆಯೇ ಇರಲಿ, ಉತ್ತರವಿದ್ದರೆ ದಕ್ಷಿಣ ಮಾಡಿ, ದಕ್ಷಿಣವಿದ್ದರೆ ಉತ್ತರ. ಎಡವುವುದು ರೇಖಾಂಶದಲ್ಲಿ: ಪೂರ್ವವನ್ನು ಪಶ್ಚಿಮ ಮಾಡಿದರಷ್ಟೇ ಸಾಲದು, ಅಂಕಿಯನ್ನು 180ರಿಂದ ಕಳೆಯಲೇಬೇಕು. ಮ್ಯಾಡ್ರಿಡ್ ನಗರ ಸುಮಾರು 40.4 ಉತ್ತರ, 3.7 ಪಶ್ಚಿಮ, ಅದರ ಎದುರು ಬಿಂದು 40.4 ದಕ್ಷಿಣ, 176.3 ಪೂರ್ವ, ಅಂದರೆ ನ್ಯೂಜಿಲೆಂಡಿನ ಉತ್ತರ ದ್ವೀಪ. ನಕ್ಷೆಯಲ್ಲಿ ಹುಡುಕುವಾಗ ದಕ್ಷಿಣಕ್ಕೂ ಪಶ್ಚಿಮಕ್ಕೂ ಮೈನಸ್ ಚಿಹ್ನೆ ಹಾಕಿ. ಪರದೆ ತುಂಬ ನೀಲಿಯೇ ಕಂಡರೆ ಲೆಕ್ಕ ತಪ್ಪಿತೆಂದು ಗಾಬರಿಯಾಗಬೇಡಿ. ನೆಲಕ್ಕೆ ನೆಲವೇ ಎದುರಾಗುವುದು ಅಪರೂಪ, ಬಹುಪಾಲು ಸಿಗುವುದು ಸಮುದ್ರವೇ.